ನೀಲವ್ವ ಎಂಬ ಬ್ರ್ಯಾಂಡು

ಮೊನ್ನೆ ಸೇಫ್ಟಿ ಪಿನ್ನು ಹುಡುಕಲು ಡ್ರಾಯರ್ ಎಳೆದಾಗ ಒಂದು ಬಿಲ್ಲೆ ಕೈಗೆ ಸಿಕ್ಕಿತು. ನೀಲಿ ದಾರ, ಪ್ಲಾಸ್ಟಿಕ್ ಹೊದಿಕೆ, ಒಳಗೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ 'ಸುಮಂಗಲಾ, ಫೌಂಡರ್' ಎಂದು ಅಚ್ಚಾದ ಚೀಟಿ. ಹೌದು, ನಾನು ಒಂದು ದಿನದ ಮಟ್ಟಿಗೆ ಫೌಂಡರ್ ಆಗಿದ್ದೆ. ಅದಕ್ಕೆ ಮುಂಚೆ ರೊಟ್ಟಿ ಬಡಿಯುತ್ತಿದ್ದೆ, ಅದಾದ ಮೇಲೂ ರೊಟ್ಟಿಯನ್ನೇ ಬಡಿಯುತ್ತಿದ್ದೇನೆ. ನಡುವಿನ ಆ ಒಂದು ದಿನ ಮಾತ್ರ ಕೊಚ್ಚಿಯ ಕಲೂರಿನ ಹೋಟೆಲೊಂದರ ತಣ್ಣನೆಯ ಹಾಲ್‌ನಲ್ಲಿ ಕೂತು, ಸಣ್ಣ ವ್ಯಾಪಾರವನ್ನು ಕಾಪಾಡುವುದು, ಮಾರುವುದು, ಬೆಳೆಸುವುದು ಹೇಗೆಂದು ಕಲಿತು ಬಂದೆ. ಕಲಿಸಿದವರು ಎಂದೂ ಏನನ್ನೂ ತಯಾರಿಸಿದವರಲ್ಲ. ಅಂಥವರೇ ಇದನ್ನು ಕಲಿಸುವುದು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ನಾವು ಬಾಗಲಕೋಟೆ ಕಡೆಯವರು. ನಮ್ಮವರಿಗೆ ತಿರುವನಂತಪುರದಲ್ಲಿ ಬಾಹ್ಯಾಕಾಶಕ್ಕೆ ಸಂಬಂಧಿಸಿದ ಕೆಲಸ. ಅವರ ಯಂತ್ರಗಳು ಭೂಮಿ ಬಿಟ್ಟು ಎಲ್ಲೆಲ್ಲಿಗೋ ಹೋಗುತ್ತವೆ. ನಾವು ಮಾತ್ರ ಅದೇ ಊರಿನ ಉಳ್ಳೂರು ಬಡಾವಣೆ ಬಿಟ್ಟು ಕದಲಿಲ್ಲ. ಮನೆಯಲ್ಲಿ ನಾವಿಬ್ಬರು, ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಮಲಯಾಳದಲ್ಲಿ ಉತ್ತರ ಕೊಡುವ ಮಗಳು ಅದಿತಿ, ಮತ್ತು ನಮ್ಮ ಅತ್ತೆ ನೀಲವ್ವ. ಅತ್ತೆ ಊರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರನ್ನು ನೋಡಿದರೆ ಈಗಲೂ ಊರಿನ ಎಷ್ಟೋ ಗಂಡಸರು ಬೀಡಿ ಬಿಸಾಡುತ್ತಾರೆ.

ಈ ವ್ಯಾಪಾರ ಶುರುವಾದದ್ದು ತರಕಾರಿ ಅಂಗಡಿಯಲ್ಲಿ. ನನ್ನ ಪಕ್ಕದಲ್ಲಿ ಬೆಂಡೆಕಾಯಿ ಆರಿಸುತ್ತಿದ್ದ ಹುಡುಗಿಯೊಬ್ಬಳು ಫೋನಿನಲ್ಲಿ, "ಯವ್ವಾ, ಅನ್ನಾ ತಿಂದು ತಿಂದು ಹೊಟ್ಟಿ ಅನ್ನೋದು ನೀರಿನ ಚೀಲ ಆಗೇತಿ" ಎಂದಳು. ನನಗೆ ಕೈಯಲ್ಲಿದ್ದ ಸೌತೆಕಾಯಿ ಬಿಟ್ಟು ಅವಳನ್ನು ಹಿಡಿದುಕೊಳ್ಳುವಷ್ಟು ಖುಷಿಯಾಯಿತು. ಹೆಸರು ಭಾಗ್ಯ, ವಿಜಯಪುರದವಳು, ಇಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಓದುತ್ತಿದ್ದಳು. ಅವತ್ತೇ ಮನೆಗೆ ಕರೆದುಕೊಂಡು ಬಂದು ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ ಹಾಕಿದೆ. ಹೋಗುವಾಗ ಹಾಸ್ಟೆಲ್ಲಿನ ಗೆಳತಿಯರಿಗೆಂದು ಒಂದಷ್ಟು ಖಡಕ್ ರೊಟ್ಟಿ ಕಟ್ಟಿಕೊಟ್ಟೆ. ಮರುವಾರ ಆ ಗೆಳತಿಯರೇ ಬಂದರು. ಅವರ ಹಿಂದೆ ಕಲಬುರಗಿಯ ಹುಡುಗರು ಬಂದರು. ಆಮೇಲೆ ಹಿಟ್ಟು ಸಾಲದಾಯಿತು.

ಜೋಳ ತರಲು ಚಾಲೈ ಪೇಟೆಗೆ ಹೋದೆ. ಸಗಟು ಅಂಗಡಿಯಲ್ಲಿ, ಬಲ್ಲವಳ ಹಾಗೆ, 'ಚೋಳಂ' ಕೊಡಿ ಎಂದೆ. ಅವನು ಚೀಲಗಟ್ಟಲೆ ಗೋವಿನಜೋಳ ತಂದು ಸುರಿದ. ನಾನು ಅಲ್ಲವೆಂದೆ, ಅವನು ಹೌದೆಂದ. ಕೊನೆಗೆ ಅವನ ತಂದೆ ಒಳಗಿನಿಂದ ಬಂದು ನನ್ನ ಬೆರಳುಗಳು ತೋರಿಸುತ್ತಿದ್ದ ಕಾಳಿನ ಗಾತ್ರ ನೋಡಿ, "ಓ, ಮಣಿಚೋಳಂ!" ಎಂದರು. ಅಂದಿನಿಂದ ಆ ಅಂಗಡಿಯಲ್ಲಿ ನನ್ನ ಹೆಸರು ಮಣಿಚೋಳಂ ಚೇಚಿ, ಅಂದರೆ ಜೋಳದ ಅಕ್ಕ. ಫೌಂಡರ್‌ಗಿಂತ ಎಷ್ಟೋ ವಾಸಿ.

ನಾನು ಹುಟ್ಟಾ ರೊಟ್ಟಿ ಪ್ರವೀಣೆಯೇನಲ್ಲ ಮತ್ತೆ. ಚಿಕ್ಕಂದಿನಲ್ಲಿ ಬೆಳಗ್ಗೆ ನಮ್ಮನ್ನು ಎಬ್ಬಿಸುತ್ತಿದ್ದುದು ಕೋಳಿಯಲ್ಲ, ಓಣಿಯ ಎಲ್ಲ ಮನೆಗಳಿಂದ ಕೇಳುವ ಪಟಪಟ ರೊಟ್ಟಿ ಬಡಿತ. ಅದರಲ್ಲಿ ನಮ್ಮ ಚಿಗವ್ವನ ಬಡಿತ ಮಳೆ ಬಿದ್ದಂತೆ ಒಂದೇ ಸಮ. ನಾನು ಕೂತರೆ ಮಾತ್ರ ಪಟ್ ಎಂದು ಒಂದು, ಸ್ವಲ್ಪ ಯೋಚನೆ, ಪಟ್ ಎಂದು ಇನ್ನೊಂದು. ನನ್ನ ರೊಟ್ಟಿಗಳು ಒಂದೊಂದು ದೇಶದ ನಕಾಶೆಯಂತಿರುತ್ತಿದ್ದವು. ಚಿಗವ್ವ ನನ್ನ ಕೈ ಹಿಡಿದು ತಿದ್ದಿ ತಿದ್ದಿ, ಕೊನೆಗೆ ಮದುವೆಯ ಹೊತ್ತಿಗೆ ದೇಶಗಳೆಲ್ಲ ದುಂಡಗಾದವು. ನೀಲವ್ವನವರಿಗೆ ಆ ಭಾಗ್ಯವೂ ಇಲ್ಲ. ಅವರಿಗೆ ಹಿಟ್ಟಿನಲ್ಲಿ ಕೈ ಹಾಕುವುದೇ ಆಗದು. ಅವರ ಅತ್ತೆ ಬಡಿದರು, ಅವರ ನಾದಿನಿ ಬಡಿದರು, ಈಗ ನಾನು ಬಡಿಯುತ್ತೇನೆ. ಅವರು ತಿಂದು, ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಾರೆ.

ಹಾಗಾದರೆ 'ನೀಲವ್ವ ಖಡಕ್ ರೊಟ್ಟಿ' ಎಂದು ಏಕೆ ಹೆಸರಿಟ್ಟೆ? ಹಾಸ್ಟೆಲ್ಲಿನಲ್ಲಿ ಯಾರ ಡಬ್ಬಿ ಯಾವುದೆಂದು ಗೊತ್ತಾಗಲು ಒಂದು ಚೀಟಿ ಅಂಟಿಸಬೇಕಿತ್ತು. ಅತ್ತೆಗೆ ಆಗ ಮನೆಯ ಗಂಟೆ ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸುವುದು, ಪಡಸಾಲೆಯಲ್ಲಿ ರೊಟ್ಟಿ ಒಣಹಾಕುವುದು ಯಾವುದೂ ಸರಿಬರುತ್ತಿರಲಿಲ್ಲ. ಹೆಸರು ಅವರದಿಟ್ಟರೆ ಗೊಣಗು ಕಡಿಮೆಯಾದೀತು ಎಂದುಕೊಂಡೆ. ಆಯಿತು ಕೂಡ. ನೋಡಿ, ದೊಡ್ಡ ದೊಡ್ಡವರು ಬ್ರ್ಯಾಂಡಿಂಗ್ ಎನ್ನುವ ವಿದ್ಯೆಯನ್ನು ನಾನು ಅತ್ತೆಯ ಬಾಯಿ ಮುಚ್ಚಿಸಲು ಬಳಸಿದ್ದೆ.

ಆಮೇಲೆ ಸಲಹೆಗಳು ಬರತೊಡಗಿದವು. ನಿಮ್ಮ ಮನೆಯಲ್ಲಿ ಯಾರಿಗಾದರೂ ಜ್ವರ ಬಂದಾಗ ಎಷ್ಟು ಜನ ಡಾಕ್ಟರಾಗುತ್ತಾರೋ, ನೀವೊಂದು ವ್ಯಾಪಾರ ಶುರುಮಾಡಿದಾಗ ಅದಕ್ಕಿಂತ ಹೆಚ್ಚು ಜನ ವ್ಯಾಪಾರಿಗಳಾಗುತ್ತಾರೆ. ನಮ್ಮವರ ಸಹೋದ್ಯೋಗಿಯೊಬ್ಬರು, ಆಕಾಶಕ್ಕೆ ಕಣ್ಣಿಟ್ಟವರು, ನನಗೆ ರೊಟ್ಟಿ ಬಡಿಯುವುದನ್ನು ರೀಲ್ ಮಾಡಿ ಹಾಕಿ ಎಂದರು. ಅವರ ಹೆಂಡತಿ, ಬಳೆ ತುಂಬ ಹಾಕಿಕೊಂಡು ಬಡಿಯಿರಿ, ಶಬ್ದ ಚೆನ್ನಾಗಿ ಬರುತ್ತದೆ ಎಂದರು. ಯಾರೋ ಒಬ್ಬರು ಕೊಚ್ಚಿಯ ರೆಂಜಿತ್ ಸರ್ ನಡೆಸುವ ಕಾರ್ಯಾಗಾರದ ವಿಷಯ ಹೇಳಿದರು. ನಮ್ಮವರು, "ಹೋಗಿ ಬಾ, ಕೇಳಿದ್ರ ಏನು ನಷ್ಟ?" ಎಂದರು. ವಿಜ್ಞಾನಿಗಳ ಲೆಕ್ಕ ಒಮ್ಮೊಮ್ಮೆ ಹೀಗೂ ತಪ್ಪುತ್ತದೆ.

ಕಲೂರಿನ ಆ ಹಾಲ್‌ನಲ್ಲಿ ಎಲ್ಲರೂ ಫೌಂಡರ್‌ಗಳೇ. ಹಲಸಿನ ಚಿಪ್ಸ್ ಕರಿಯುವವರು, ಮೇಣದ ಬತ್ತಿ ಎರಕ ಹೊಯ್ಯುವವರು, ಮನೆಮನೆಗೆ ಹೋಗಿ ನೀರಿನ ಟ್ಯಾಂಕ್ ತೊಳೆಯುವ ಸಭ್ಯ ಗೃಹಸ್ಥರೊಬ್ಬರು. ರೆಂಜಿತ್ ಸರ್ ಕೆನ್ನೆಗೆ ಅಂಟಿಕೊಂಡ ಮೈಕಿನೊಂದಿಗೆ ಓಡುತ್ತಲೇ ವೇದಿಕೆ ಹತ್ತಿದರು. ಓಡುವಂಥದ್ದೇನಾಗಿತ್ತೋ ತಿಳಿಯದು. ಬಂದವರೇ ನಮ್ಮನ್ನೆಲ್ಲ ಎಬ್ಬಿಸಿ, ಪಕ್ಕದವರ ಅಂಗೈಗೆ ಅಂಗೈ ತಟ್ಟಿ 'ನಾನು ದೊಡ್ಡವನು' ಎಂದು ಕೂಗಿಸಿದರು. ಟ್ಯಾಂಕ್ ತೊಳೆಯುವವರು ನಾಚಿಕೊಂಡು ನನ್ನ ಅಂಗೈಗೆ ಮೆಲ್ಲಗೆ ತಟ್ಟಿ, "ಸಾರಿ ಚೇಚಿ" ಎಂದರು. ಇಡೀ ದಿನದಲ್ಲಿ ನಾನು ಕೇಳಿದ ಪ್ರಾಮಾಣಿಕ ಮಾತು ಅದೊಂದೇ.

ಮೊದಲ ಪಾಠ, ವ್ಯಾಪಾರವನ್ನು ಕಾಪಾಡಿಕೊಳ್ಳುವುದು. ನನಗೆ ಕಿವಿ ನೆಟ್ಟಗಾಯಿತು. ಏಕೆಂದರೆ ನನ್ನ ದೊಡ್ಡ ಕಷ್ಟವೇ ಅದು. ಬಾಗಲಕೋಟೆಯಲ್ಲಿ ತಿಂಗಳುಗಟ್ಟಲೆ ಕಟಕಟ ಎನ್ನುವ ರೊಟ್ಟಿ ತಿರುವನಂತಪುರದ ತೇವದ ಗಾಳಿಗೆ ಸಂಜೆಯೊಳಗೆ ಒದ್ದೆ ಕರವಸ್ತ್ರವಾಗುತ್ತದೆ. ಕೈ ಎತ್ತಿ ಕೇಳಿದೆ: "ಸರ್, ಥಂಡಿ ಹತ್ತದ ಹಾಗೆ ಹೇಗೆ ಕಾಪಾಡುವುದು?" ರೆಂಜಿತ್ ಸರ್ ಕರುಣೆಯಿಂದ ನಕ್ಕರು. "ಚೇಚಿ, ಅದೆಲ್ಲ ಆಪರೇಷನ್ಸ್. ನಾನು ಹೇಳುತ್ತಿರುವುದು ಹೆಸರಿನ ವಿಷಯ. ನಿಮ್ಮ ಹೆಸರನ್ನು ನೀವು ರಿಜಿಸ್ಟರ್ ಮಾಡಿಸದಿದ್ದರೆ ನಾಳೆ ಯಾರೋ ಎತ್ತಿಕೊಂಡು ಹೋಗುತ್ತಾರೆ." ಎಲ್ಲರೂ ಬರೆದುಕೊಂಡರು.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ನಾನು ಒಯ್ದಿದ್ದ ಡಬ್ಬಿಯಿಂದ ಅವರಿಗೊಂದು ರೊಟ್ಟಿ ಕೊಟ್ಟೆ. ಒಂದು ತುದಿ ಮುರಿದು ಬಾಯಿಗೆ ಹಾಕಿಕೊಂಡು ಚೀಟಿ ಓದಿದರು.

"ನೀಲವ್ವ ಯಾರು?"

"ನಮ್ಮ ಅತ್ತೆ."

"ನೀ-ಲ-ವ್ವ." ಅವರು ರೊಟ್ಟಿಗಿಂತ ಹೆಸರನ್ನೇ ಹೆಚ್ಚು ಅಗಿದರು. "ಚೇಚಿ, ಇದು ಚಿನ್ನ. ರೊಟ್ಟಿ ಯಾರು ಬೇಕಾದರೂ ಮಾಡುತ್ತಾರೆ. ನೀವು ರೊಟ್ಟಿ ಮಾರಬೇಡಿ, ಅಜ್ಜಿಯನ್ನು ಮಾರಿ."

ಅಜ್ಜಿಯನ್ನು ಮಾರುವ ವಿಷಯ ಮನೆಗೆ ಬಂದು ಅತ್ತೆಗೆ ಹೇಳಲಿಲ್ಲ. ಆಮೇಲೆ ಒಂದು ದಿನ ರೆಂಜಿತ್ ಸರ್ ಅವರೇ ಫೋನು ಮಾಡಿ, ಉಚಿತ ಸಲಹೆ ಎಂದು, ಊರು ಯಾವುದು, ಹಿಟ್ಟು ಹೇಗೆ ನಾದುತ್ತೀರಿ, ಎಸರು ಎಷ್ಟು ಬಿಸಿ ಇರಬೇಕು, ಅಜ್ಜಿ ಎಂಥ ಸೀರೆ ಉಡುತ್ತಾರೆ ಎಂದೆಲ್ಲ ಕೇಳಿದರು. ಇಷ್ಟು ದೊಡ್ಡ ಮನುಷ್ಯ ನನ್ನ ರೊಟ್ಟಿಯ ಮೇಲೆ ಇಷ್ಟು ಆಸ್ಥೆ ತೋರಿಸುತ್ತಾರಲ್ಲ ಎಂದು ನಾನು ಉಬ್ಬಿಹೋಗಿ ಎಲ್ಲ ಹೇಳಿದೆ. ಆಮೇಲೆ ಸದ್ದಿಲ್ಲ.

ಭಾಗ್ಯ ಅಷ್ಟರಲ್ಲಿ ಓದು ಮುಗಿಸಿ ಕೊಚ್ಚಿಯ ಒಂದು ಆಸ್ಪತ್ರೆಗೆ ಸೇರಿದ್ದಳು. ಒಂದು ಭಾನುವಾರ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಚೀಲದಿಂದ ಒಂದು ಪೊಟ್ಟಣ ತೆಗೆದಳು. "ಅಕ್ಕಾ, ಸೂಪರ್ ಮಾರ್ಕೆಟ್‌ನ್ಯಾಗ ನಮ್ಮ ರೊಟ್ಟಿ ಬಂದೈತಿ ಅಂತ ಕುಣಕೋತ ತಗೊಂಡೆ. ಒಡದು ನೋಡಿದ್ರ ಇದ ಬ್ಯಾರೇನ ಐತಿ."

ಕೆನೆಬಣ್ಣದ ದುಬಾರಿ ಕಾಗದದ ಪೊಟ್ಟಣ. ಮೇಲೆ ಇಂಗ್ಲಿಷಿನಲ್ಲಿ 'ನೀಲವ್ವ'. ಕೆಳಗೆ ಬಿಳಿ ತಲೆ, ದೊಡ್ಡ ಮೂಗುತಿ, ಬೊಚ್ಚುಬಾಯಿಯ ನಗುವಿನ ಮುದುಕಿಯೊಬ್ಬಳ ಚಿತ್ರ. ಒಳಗೆ ಗುಂಡಿಯಷ್ಟಗಲದ, ಚೀಸ್ ಸವರಿದ ಜೋಳದ ಬಿಲ್ಲೆಗಳು. ಹಿಂದೆ ಒಂದು ಕಥೆ. ಅದನ್ನು ಅದಿತಿ ಕಿತ್ತುಕೊಂಡು ಓದಿದಳು. ಓದುತ್ತಿದ್ದಂತೆ ಅವಳ ಮುಖ ಬದಲಾಯಿತು. "ಅಮ್ಮೇ," ಎಂದಳು ಮಲಯಾಳದಲ್ಲಿ, "ಅಚ್ಛಮ್ಮ ಮರಿಚ್ಚು ಎನ್ನು!"

ಅಜ್ಜಿ ಸತ್ತುಹೋಗಿದ್ದಾಳಂತೆ. ಅತ್ತೆ ಪಕ್ಕದ ಕುರ್ಚಿಯಲ್ಲಿ ಕೂತು ಪದಬಂಧ ತುಂಬುತ್ತಿದ್ದರು. ಕೈ ಚಾಚಿ ಪೊಟ್ಟಣ ತೆಗೆದುಕೊಂಡು, ಕನ್ನಡಕ ಮೇಲೇರಿಸಿ ಓದಿದರು. ಓದುಬರಹ ಅರಿಯದ, ಹಳ್ಳಿಯ ಮಣ್ಣಿನ ಒಲೆಯ ಮುಂದೆಯೇ ಬದುಕು ಸವೆಸಿದ ದಿವಂಗತ ನೀಲವ್ವ, ಕೊನೆಯುಸಿರೆಳೆಯುವ ಮುನ್ನ ತನ್ನ ಗುಟ್ಟಿನ ಪಾಕವನ್ನು ಜಗತ್ತಿಗೆ ಕೊಟ್ಟುಹೋದಳು ಎಂಬುದು ಆ ಕಥೆಯ ಸಾರ. ಅತ್ತೆ ಪೆನ್ನು ಕೇಳಲಿಲ್ಲ, ಕೈಯಲ್ಲೇ ಇತ್ತು. ಎರಡು ಕಾಗುಣಿತದ ತಪ್ಪುಗಳಿಗೆ ಗೆರೆ ಎಳೆದರು. 'ದಿವಂಗತ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು.

"ಸುಮಾ, ಇದನ್ನ ಬರದಂವ ಯಾರು?"

ಹೇಳಿದೆ. ಎಲ್ಲ ಹೇಳಿದೆ, ಅಜ್ಜಿಯನ್ನು ಮಾರುವ ಮಾತನ್ನೂ. ಮೂವತ್ತು ಮಕ್ಕಳು ನಕಲು ಹೊಡೆದದ್ದು ಸಿಕ್ಕಿದಾಗ ಟೀಚರಮ್ಮನ ಮುಖ ಹೇಗಿರುತ್ತದೋ ಅತ್ತೆಯ ಮುಖ ಹಾಗಿತ್ತು.

ನಾನು ರೆಂಜಿತ್ ಸರ್‌ಗೆ ಫೋನು ಮಾಡಿದೆ. ಅವರ ದನಿಯಲ್ಲಿ ಒಂದಿಷ್ಟೂ ಅಳುಕಿಲ್ಲ. ಗೆಳೆಯರೊಬ್ಬರ ಜೊತೆ ಪಾಲುದಾರಿಕೆಯಲ್ಲಿ ಶುರುಮಾಡಿದ್ದಾರಂತೆ, ಹೆಸರಿಗೆ ಅರ್ಜಿ ಹಾಕಿದ್ದಾರಂತೆ, ಇನ್ನು ಮುಂದೆ ಆ ಹೆಸರನ್ನು ನಾನು ಬಳಸದಿದ್ದರೆ ಒಳ್ಳೆಯದಂತೆ.

"ಸರ್, ಅದು ನನ್ನ ಹೆಸರು. ನಮ್ಮ ಅತ್ತೆಯ ಹೆಸರು."

"ಚೇಚಿ, ನಾನು ಅವತ್ತೇ ಹೇಳಿದ್ದೆನಲ್ಲ? ಮೊದಲ ಸೆಷನ್‌ನಲ್ಲೇ. ರಿಜಿಸ್ಟರ್ ಮಾಡಿಸದಿದ್ದರೆ ಯಾರೋ ಎತ್ತಿಕೊಂಡು ಹೋಗುತ್ತಾರೆ ಅಂತ. ನೀವು ಬರೆದುಕೊಂಡಿರಬೇಕು."

ಇಂಥ ಗುರುಗಳು ಎಲ್ಲಿ ಸಿಗುತ್ತಾರೆ ಹೇಳಿ. ಪಾಠ ಹೇಳುತ್ತಾರೆ, ಅದು ನಿಮಗೆ ಸರಿಯಾಗಿ ಅರ್ಥವಾಗಲೆಂದು ಪ್ರಯೋಗವನ್ನೂ ನಿಮ್ಮ ಮೇಲೆಯೇ ಮಾಡಿ ತೋರಿಸುತ್ತಾರೆ. ಎರಡು ದಿನ ನಾನು ಹಂಚು ಹಚ್ಚಲಿಲ್ಲ. ರೊಟ್ಟಿ ಮಾರಿ ನಾನೇನು ಬಂಗಲೆ ಕಟ್ಟಿಸಿದವಳಲ್ಲ. ಆದರೆ ಈ ಊರಿನಲ್ಲಿ ಇಷ್ಟು ವರ್ಷ ನಾನು ಯಾರದೋ ಹೆಂಡತಿ, ಯಾರದೋ ಅಮ್ಮ ಆಗಿಯೇ ಪರಿಚಯವಾಗಿದ್ದೆ. ಗಂಟೆ ಬಾರಿಸಿ ನನ್ನನ್ನೇ ಕೇಳಿಕೊಂಡು ಜನ ಬರುತ್ತಿದ್ದುದು ಆ ರೊಟ್ಟಿಗಾಗಿ ಮಾತ್ರ.

ನಮ್ಮೂರಿನ ಕೋರ್ಟುಗಳಿರುವ ವಂಚಿಯೂರಿನಲ್ಲಿ ಒಬ್ಬ ವಕೀಲೆಯಿದ್ದರು, ನಮ್ಮವರ ಸ್ನೇಹಿತರ ತಂಗಿ. ಅವರು ಉತ್ಸಾಹ, ಕನಸು, ಗುರಿ ಎಂಬ ಯಾವ ಮಾತನ್ನೂ ಆಡದೆ ನೇರವಾಗಿ ವಿಷಯಕ್ಕೆ ಬಂದರು. ಅರ್ಜಿ ಹಾಕಿದ ಮಾತ್ರಕ್ಕೆ ಹೆಸರು ಅವರದಾಗುವುದಿಲ್ಲ. ಮೊದಲಿಂದ ಬಳಸುತ್ತ ಬಂದವರ ಹಕ್ಕು ದೊಡ್ಡದು, ತಕರಾರು ಸಲ್ಲಿಸಬಹುದು. ನಿಮ್ಮಲ್ಲಿ ಕೊಂಡವರು ಹೇಳಿಕೆ ಕೊಟ್ಟರೆ ಸಾಕಷ್ಟು ಬಲ ಬರುತ್ತದೆ. ಇನ್ನೊಂದು ಮಾತು, ಬದುಕಿರುವವರ ಹೆಸರು, ಚಿತ್ರ ಹಾಕಬೇಕಾದರೆ ಅವರ ಒಪ್ಪಿಗೆಯನ್ನು ಕೇಳುತ್ತಾರೆ. "ಅದಕ್ಕೇ ಅಮ್ಮನನ್ನು ತೀರಿಸಿಬಿಟ್ಟಿರಬೇಕು" ಎಂದು ನಕ್ಕರು. ಕಾಲು ಗಂಟೆಯಲ್ಲಿ ಕಲಿತ ಇಷ್ಟು ಪಾಠದಲ್ಲಿ ಯಾರ ಅಂಗೈಗೂ ಅಂಗೈ ತಟ್ಟಬೇಕಾಗಲಿಲ್ಲ.

ವಕೀಲೆ ಒಂದು ನೋಟಿಸ್ ತಯಾರಿಸಿದರು. ಅಂಚೆಯಲ್ಲಿ ಕಳಿಸೋಣ ಎಂದರೆ ಅತ್ತೆ ಒಪ್ಪಲಿಲ್ಲ. "ಅಂಚಿ ಯಾಕ? ನಾ ಒಯ್ದು ಕೊಡ್ತೀನಿ."

"ಅತ್ತೀ, ಕೊಚ್ಚಿ ದೂರ ಐತಿ. ರೈಲಿನ್ಯಾಗ ಬಾಳ ಹೊತ್ತು ಕುಂದರಬೇಕಾಗತೈತಿ."

"ಸತ್ತಾಕಿಗೆ ದಣಿವು ಎಲ್ಲಿಂದ ಬರಬೇಕ?" ಎಂದು ಇಳಕಲ್ ಸೀರೆಯ ನಿರಿಗೆ ಸರಿಮಾಡಿಕೊಂಡರು.

ರೆಂಜಿತ್ ಸರ್ ಕಚೇರಿ ಕಲೂರಿನ ಸ್ಟೇಡಿಯಂ ಹತ್ತಿರ, ಮೊಬೈಲ್ ಅಂಗಡಿಯೊಂದರ ಮೇಲೆ. ಗೋಡೆ ತುಂಬ ಇಂಗ್ಲಿಷ್ ಘೋಷಣೆಗಳು: ಕನಸು ಕಾಣು, ಮುನ್ನುಗ್ಗು, ನಿಲ್ಲಬೇಡ. ಕೆಳಗೆ ಗೋಡೆಗೆ ಒತ್ತಿ ಪೇರಿಸಿಟ್ಟ ರಟ್ಟಿನ ಪೆಟ್ಟಿಗೆಗಳು. ತೆರೆದಿದ್ದ ಒಂದರಲ್ಲಿ ಕೆನೆಬಣ್ಣದ ಪೊಟ್ಟಣಗಳು ಕಂಡವು. ಕಚೇರಿಯ ತುಂಬ ಜೋಳ ಮುಗ್ಗಿದ ವಾಸನೆ. ಮಳೆಗಾಲ ಅದಾಗಲೇ ಹಿಡಿದಿತ್ತು. ನನಗೆ ಎಲ್ಲ ತಿಳಿಯಿತು. ಆಪರೇಷನ್ಸ್ ಕೈಕೊಟ್ಟಿತ್ತು.

ರೆಂಜಿತ್ ಸರ್ ನನ್ನನ್ನು ಗುರುತಿಸಿ ನಗುತ್ತಾ ಎದ್ದು ಬಂದರು. "ಅರೆ ಚೇಚಿ! ಈ ಅಮ್ಮೂಮ್ಮ ಯಾರು?"

"ನೀಲವ್ವ" ಎಂದೆ.

ಅವರ ನಗು ಹಾಗೆಯೇ ಉಳಿಯಿತು, ಕಣ್ಣು ಮಾತ್ರ ಅತ್ತಿತ್ತ ಓಡಾಡಿತು. ಅತ್ತೆ ಯಾರೂ ಹೇಳುವ ಮೊದಲೇ ಅವರದೇ ಕುರ್ಚಿಯಲ್ಲಿ ಕೂತರು. ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಒಂದೊಂದು ಶಬ್ದವನ್ನೂ ಬಿಡಿಸಿ ಹೇಳುವ ತಮ್ಮ ಶಾಲೆಯ ಇಂಗ್ಲಿಷಿನಲ್ಲಿ ಕೇಳಿದರು:

"ನಾನು ಯಾವ ಕಾಯಿಲೆಯಿಂದ ತೀರಿಕೊಂಡೆ?"

"ಅಲ್ಲ ಅಮ್ಮೂಮ್ಮ, ಅದು... ಅದು ಸ್ಟೋರಿ ಟೆಲ್ಲಿಂಗ್."

"ಎಲ್ಲಿ ತೀರಿಕೊಂಡೆ? ಮನೆಯಲ್ಲೋ ಆಸ್ಪತ್ರೆಯಲ್ಲೋ? ನನ್ನ ಮಗನಿಗೆ ಇನ್ನೂ ಗೊತ್ತಿಲ್ಲ. ಹೇಳಬೇಕು."

ಪಕ್ಕದ ಮೇಜುಗಳಲ್ಲಿ ಕಂಪ್ಯೂಟರಿನ ಮುಂದಿದ್ದವರೆಲ್ಲ ಟೈಪು ಮಾಡುವುದನ್ನು ನಿಲ್ಲಿಸಿದರು. ರೆಂಜಿತ್ ಸರ್ ಒಂದು ನಿಮಿಷ ತಡವರಿಸಿದರು. ಆದರೆ ಈ ಜಾತಿಯವರ ಚೇತರಿಕೆ ನೋಡಬೇಕು ನೀವು. ಅವರ ಮುಖ ಇದ್ದಕ್ಕಿದ್ದಂತೆ ಬೆಳಗಿತು. ಜೇಬಿನಿಂದ ಮೊಬೈಲ್ ತೆಗೆದರು. "ಚೇಚಿ, ಇದು ಅದ್ಭುತ! ನಿಜವಾದ ನೀಲವ್ವ ಬದುಕಿದ್ದಾರೆ! ಒಂದು ಸಣ್ಣ ವಿಡಿಯೋ ಮಾಡೋಣ. ಅಮ್ಮೂಮ್ಮ ಒಂದು ರೊಟ್ಟಿ ಹಿಡಿದುಕೊಂಡು ಕ್ಯಾಮೆರಾ ನೋಡಿ ನಗಲಿ. ನಮ್ಮ ಬ್ರ್ಯಾಂಡಿಗೆ ಅವರನ್ನೇ ಮುಖವಾಗಿ ತಗೊಳ್ಳೋಣ. ಹಲ್ಲಿನ ಸೆಟ್ ತೆಗೆಯಲು ಆಗುತ್ತಾ?"

ಅತ್ತೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು. "ಇಂವ ಸಾಲಿ ಎಲ್ಲಿ ಕಲತಾನ?"

"ಗೊತ್ತಿಲ್ರೀ ಅತ್ತೀ."

"ಪಾಪ, ಯಾರೂ ಬೆಂಚಿನ ಮ್ಯಾಲೆ ನಿಲ್ಲಿಸಿಲ್ಲ." ಚೀಲದಿಂದ ವಕೀಲೆಯ ನೋಟಿಸ್ ತೆಗೆದು ಅವರ ಕೈಗಿಟ್ಟರು. "ಓದು. ಗಟ್ಟಿಯಾಗಿ ಓದು" ಎಂದರು ಇಂಗ್ಲಿಷಿನಲ್ಲಿ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಅವರು ಓದಿದರು. ಅಷ್ಟು ಜನರನ್ನು ಕೂಗಿಸಿದ ಮನುಷ್ಯ ತನ್ನದೇ ಕಚೇರಿಯ ನಡುವೆ ನಿಂತು, ಉಚ್ಚಾರಣೆ ತಪ್ಪಿದಲ್ಲಿ ಅತ್ತೆ ತಿದ್ದುತ್ತಿದ್ದಂತೆ, ಕೊನೆಯ ಸಾಲಿನವರೆಗೂ ಓದಿದರು. ಆ ವಾರವೇ ಅರ್ಜಿ ಹಿಂತೆಗೆದುಕೊಂಡರೆಂದು ವಕೀಲೆ ತಿಳಿಸಿದರು. ನೋಟಿಸಿಗೆ ಹೆದರಿದರೋ, ಅತ್ತೆಗೆ ಹೆದರಿದರೋ, ಅಥವಾ ಮುಗ್ಗಿದ ಬಿಲ್ಲೆಗಳನ್ನು ಅಂಗಡಿಯವರು ವಾಪಸು ಕಳಿಸಿದ್ದೇ ಸಾಕಾಯಿತೋ, ಕೇಳಲು ನಾನು ಹೋಗಲಿಲ್ಲ. ಆಮೇಲೆ ಕೇಳಿದ ಸುದ್ದಿಯಂತೆ ಅವರು ಈಗ 'ಸೋಲನ್ನು ಎದುರಿಸುವುದು ಹೇಗೆ' ಎಂಬ ಕಾರ್ಯಾಗಾರ ನಡೆಸುತ್ತಿದ್ದಾರೆ. ಅದಕ್ಕೂ ಜನ ಹೋಗುತ್ತಾರಂತೆ.

ಇನ್ನು ಉಳಿದದ್ದು ನಮ್ಮ ಅರ್ಜಿ. ಹೆಸರು ನನ್ನ ಕಡೆಯಿಂದ ಸರಿಯಾಗಿ ನೋಂದಣಿಯಾಗಿಬಿಡಲಿ ಎಂದು ವಕೀಲೆ ಕಾಗದ ಸಿದ್ಧಮಾಡಿ, ಒಪ್ಪಿಗೆಯ ಸಹಿಗಾಗಿ ಅತ್ತೆಯ ಮುಂದೆ ಇಟ್ಟರು. ಅತ್ತೆ ಪೂರ್ತಿ ಓದಿದರು. ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಮುಚ್ಚಿದರು.

"ನಾ ಒಲ್ಲೆ."

ಕೊಚ್ಚಿಯವರೆಗೂ ಹೋಗಿ ಜಗಳ ಆಡಿದವರು ಈಗ ನನಗೇ ಹೆಸರು ಕೊಡುವುದಿಲ್ಲವೆಂದರೆ? ಹಳೆಯದೆಲ್ಲ ಒಮ್ಮೆಗೇ ನೆನಪಾಯಿತು. ಪಡಸಾಲೆಯ ಗೊಣಗು, ಗಂಟೆಯ ಗೊಣಗು. ಬಾಯಿಗೆ ಬಂದದ್ದನ್ನು ನುಂಗಿಕೊಂಡು, "ಯಾಕ್ರೀ ಅತ್ತೀ?" ಎಂದಷ್ಟೇ ಕೇಳಿದೆ.

"ಅಂವ ನಾ ಸತ್ತೀನಿ ಅಂತ ಬರದ. ಅದು ಸುಳ್ಳ. ನೀ ನಾ ರೊಟ್ಟಿ ಮಾಡ್ತೀನಿ ಅಂತ ಬರದಿ. ಅದೂ ಸುಳ್ಳ. ಅಂವಂದಕ್ಕ ಅಲ್ಲೀಮಟ ಹೋಗಿ ಕೆಂಪು ಗೆರಿ ಹಾಕಿ ಬಂದು, ನಿಂದಕ್ಕ ಸಹಿ ಹಾಕಲೇನು?"

ವಕೀಲೆಗೆ ಕನ್ನಡ ಬಾರದು. ಏನಂದರು ಎಂದು ನನ್ನನ್ನು ನೋಡಿದರು. ನನಗೆ ಭಾಷಾಂತರಿಸಲು ಆಗಲಿಲ್ಲ.

"ಕೈ ನಿಂದು, ಬೆವರು ನಿಂದು. ನಿಂಗ ಹೆಸರಿಲ್ಲೇನು?" ಎಂದ ಅತ್ತೆ, ವಕೀಲೆಗೆ ಇಂಗ್ಲಿಷಿನಲ್ಲಿ, ಹೆಸರು ಸೊಸೆಯದೇ ಇರಲಿ ಎಂದು ಹೇಳಿ ನನ್ನ ಕಡೆ ತಿರುಗಿದರು. "ಈಗ ಕೇಳ್ತಾರ ನೋಡು, ಹೇಳು."

ವಕೀಲೆ ಹೊಸ ಹಾಳೆ ತೆಗೆದುಕೊಂಡು, "ಹೆಸರು?" ಎಂದರು. ಸುಮಂಗಲಾ ಎಂದೆ. ಕೇಳಿಸಲಿಲ್ಲವೆಂದರು. ಇನ್ನೊಮ್ಮೆ ಹೇಳಿದೆ. ಮದುವೆಮನೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳುವಾಗಲೂ ನಾನು ಅಷ್ಟು ನಾಚಿರಲಿಲ್ಲ.

ಈಗ ಡಬ್ಬಿಗಳ ಮೇಲೆ 'ಸುಮಂಗಲಾ ಖಡಕ್ ರೊಟ್ಟಿ' ಎಂಬ ಚೀಟಿಯಿದೆ. ಡಬ್ಬಿ ಉಕ್ಕಿನದು, ಬಾಯಿಗೆ ರಬ್ಬರ್ ಬಳೆಯಿದೆ, ಥಂಡಿ ಒಳಗೆ ಹೋಗುವುದಿಲ್ಲ. ವ್ಯಾಪಾರ ಮೊದಲಿದ್ದಷ್ಟೇ ಇದೆ. ನನ್ನ ಎರಡು ಕೈ ಬಡಿಯುವಷ್ಟು. ಬೆಳೆಸುವುದು ಹೇಗೆಂದು ಹೇಳಲು ಬಂದವರಿಗೆ ಚಹಾ ಕೊಟ್ಟು ಕಳಿಸುತ್ತೇನೆ. ನನ್ನ ಕೈ ಹಿಟ್ಟಾಗಿರುವುದರಿಂದ ಫೋನು ಅತ್ತೆಯೇ ಎತ್ತುತ್ತಾರೆ. ನಿನ್ನೆ ಬೆಳಗ್ಗೆ ಯಾರೋ ಹೊಸ ಹುಡುಗ ಮಾಡಿದ್ದ. ಅಡುಗೆಮನೆಯಿಂದ ನನಗೆ ಅತ್ತೆಯ ದನಿ ಮಾತ್ರ ಕೇಳುತ್ತಿತ್ತು.

"ಹೌದಪಾ, ರೊಟ್ಟಿ ಮನೀನ... ಅಲ್ಲ, ನಾ ಸುಮಂಗಲಾ ಅಲ್ಲ. ಅಕಿ ರೊಟ್ಟಿ ಬಡ್ಯಾಕತ್ತಾಳ, ಕೈ ಖಾಲಿ ಇಲ್ಲ. ನಾನಾ? ನಾ ಅಕಿ ಅತ್ತಿ. ನಂಗ ರೊಟ್ಟಿ ಬರೂದಿಲ್ಲಪಾ, ನಾ ತಿನ್ನಾಕಿ."